ವಲ್ಲಿಯ ಕೆಳಗೆ ಎಣಿಸಿದ ವ್ಯಾಗನ್ನುಗಳು

ನಾನು ಹೇಳಹೊರಟಿರುವುದು 1943ರ ಬೇಸಿಗೆಯ ಸಂಗತಿ. ಈ ವರ್ಷವನ್ನು ಬರೀ ನೆನಪಿನ ಬಲದಿಂದ ಬರೆದಿಲ್ಲ. ನೆನಪು ಬಹುಕಾಲ 1942 ಎಂದೇ ಸಾಧಿಸುತ್ತಿತ್ತು. ಆದರೆ ಆಗಿನ ಮಾತುಕತೆಯಲ್ಲಿ ರೈಲ್ವೆಯ ಅಧಿಕಾರಿಯೊಬ್ಬರು ‘ಹೋದ ಆಗಸ್ಟಿನ ಗಲಾಟೆ’ ಎಂದು ಚಲೇಜಾವ್ ಚಳವಳಿಯಲ್ಲಿ ತಂತಿ ಕಡಿದ, ಹಳಿ ಕಿತ್ತ ದಿನಗಳನ್ನು ಪ್ರಸ್ತಾಪಿಸಿದ್ದು ನನ್ನ ಟಿಪ್ಪಣಿಯಲ್ಲಿದೆ. ಹಾಗಾಗಿ ಅದು 1942ರ ಬೇಸಿಗೆ ಆಗಿರಲಾರದು. 1944ರ ಏಪ್ರಿಲಿನಲ್ಲಿ ನಮ್ಮ ಭಾಗದ ರೈಲ್ವೆ ಕಂಪನಿಯ ಕೈಬಿಟ್ಟು ಸರಕಾರದ ಕೈಗೆ ಹೋಯಿತು. ನಾವು ಕಂಡ ಅಧಿಕಾರಿ ಇನ್ನೂ ಕಂಪನಿಯ ನೌಕರರಾಗಿದ್ದರು. ಈ ಎರಡು ಗಡಿಗಳ ನಡುವೆ ಮಾವಿನ ಸುಗ್ಗಿ ಒಂದೇ ಸಲ ಬರುತ್ತದೆ. ತಿಂಗಳು ಮೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ದಿನಾಂಕ ತಾಳೆಯಾಗದ ಕಡೆ ವಾರವನ್ನಷ್ಟೇ ಹೇಳುತ್ತೇನೆ. ಅದೂ ಗೊತ್ತಿಲ್ಲದಿದ್ದರೆ ಸುಮ್ಮನಿರುತ್ತೇನೆ.

ಆಗ ನಾನು ಹುಬ್ಬಳ್ಳಿಯ ಸ್ಟೇಶನ್ ರಸ್ತೆಯ ಒಂದು ಮಹಡಿಯಲ್ಲಿದ್ದ ಒಕ್ಕೂಟದ ಕಚೇರಿಯಲ್ಲಿ ಅಂಕಿ-ಅಂಶಗಳ ಸಹಾಯಕನಾಗಿದ್ದೆ. ಮುಂಬಯಿ ಪ್ರಾಂತದ ದಕ್ಷಿಣದ ಕನ್ನಡ ಜಿಲ್ಲೆಗಳಲ್ಲಿ ಹತ್ತಿಯವರು, ಮೆಣಸಿನಕಾಯಿಯವರು, ಶೇಂಗಾದವರು, ಹೀಗೆ ಒಂದೊಂದು ವ್ಯಾಪಾರಕ್ಕೂ ಒಂದೊಂದು ಸಂಘವಿತ್ತು. ಸರಕಾರದ ಮುಂದೆ, ರೈಲ್ವೆಯ ಮುಂದೆ ಎಲ್ಲರೂ ಒಂದೇ ದನಿಯಲ್ಲಿ ಮಾತನಾಡಬೇಕೆಂದು ಈ ಸಂಘಗಳೆಲ್ಲ ಕೂಡಿ ಕಟ್ಟಿಕೊಂಡದ್ದು ನಮ್ಮ ಒಕ್ಕೂಟ. ಒಂದೇ ದನಿ ಎಂಬ ಮಾತು ನಿಯಮಾವಳಿಯ ಮೊದಲ ಕಲಮಿನಲ್ಲಿತ್ತು. ಸಭೆಗಳಲ್ಲಿ ನಾನು ಅದನ್ನು ಕೇಳಿದ್ದು ಕಡಿಮೆ. ನಮ್ಮ ಕಾರ್ಯದರ್ಶಿಗಳು ಧಾರವಾಡದ ವಕೀಲರು. ಸಂಬಳವಿಲ್ಲದೆ, ಆದರೆ ಸಂಬಳದವರಿಗಿಂತ ಹೆಚ್ಚು ಶಿಸ್ತಿನಿಂದ ಕೆಲಸ ಮಾಡುವವರು. ನನ್ನ ಪಾಲಿಗೆ ಬಂದದ್ದು ಸಂಘಗಳಿಂದ ಅಂಕಿಗಳನ್ನು ತರಿಸುವುದು, ತಾಳೆ ನೋಡುವುದು, ಮನವಿಗಳ ಕರಡು ಬರೆಯುವುದು. ಪೇಟೆಯವರು ನನ್ನನ್ನು ‘ಅಂಕಿ ಮಾಸ್ತರ’ ಎಂದು ಕರೆಯುತ್ತಿದ್ದರು. ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಯುದ್ಧದ ಆ ವರ್ಷಗಳಲ್ಲಿ ವ್ಯಾಪಾರಿಗಳ ಎಲ್ಲ ಕಷ್ಟಗಳೂ ಕೊನೆಗೆ ವ್ಯಾಗನ್ನಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಮೊದಲು ಸೈನ್ಯದ ಸರಕು, ಆಮೇಲೆ ಆಹಾರಧಾನ್ಯ, ಅದೂ ಮುಗಿದು ಉಳಿದದ್ದು ನಮ್ಮಂಥವರಿಗೆ. ಆ ಉಳಿಕೆಯನ್ನು ಹಂಚುವ ಅಧಿಕಾರ ಹುಬ್ಬಳ್ಳಿಯಲ್ಲಿದ್ದ ರೈಲ್ವೆಯ ಸಂಚಾರ ಅಧಿಕಾರಿಗಳದು. ಪ್ರತಿಯೊಂದು ಸಂಘವೂ ತನಗೆ ಬೇಕಾದ ವ್ಯಾಗನ್ನುಗಳ ಬೇಡಿಕೆಯನ್ನು ಪ್ರತ್ಯೇಕವಾಗಿ ಅವರಿಗೆ ಕಳಿಸುತ್ತಿತ್ತು. ಅವರು ಬಂದ ಬೇಡಿಕೆಯನ್ನೆಲ್ಲ ಅರ್ಧಕ್ಕೆ ಇಳಿಸುತ್ತಿದ್ದರು. ಇದನ್ನು ಅರಿತ ಪೇಟೆಯವರು ಬೇಕಾದುದರ ಎರಡು ಪಟ್ಟು ಕೇಳುತ್ತಿದ್ದರು. ಅದನ್ನು ಅರಿತ ಅಧಿಕಾರಿಗಳು ಕಾಲು ಭಾಗಕ್ಕೆ ಇಳಿಸತೊಡಗಿದರು. ಇವರು ನಾಲ್ಕು ಪಟ್ಟಿಗೆ ಏರಿದರು. ಹೀಗೆ ಕಾಗದದ ಮೇಲೆ ನಮ್ಮ ಸೀಮೆಯ ಬೆಳೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿತ್ತು.

ಈ ಆಟದ ನಿಯಮ ತಿಳಿಯದ ಒಂದೇ ಸಂಘವೆಂದರೆ ಧಾರವಾಡದ ಹಣ್ಣಿನ ವ್ಯಾಪಾರಿಗಳದು. ಅವರು ಒಕ್ಕೂಟಕ್ಕೆ ಸೇರಿದ್ದು ಹಿಂದಿನ ವರ್ಷವಷ್ಟೇ. ಹೆಚ್ಚಿನವರು ಬಾಗವಾನ ಮನೆತನದವರು. ಕೆಲಗೇರಿಯ ಸುತ್ತಿನ ಮಾವಿನ ತೋಟಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆ ಹಿಡಿದು, ಮೂರು ತಿಂಗಳು ಗಿಡದ ಬುಡದಲ್ಲೇ ಗುಡಿಸಲು ಹಾಕಿ ಕಾದು, ಕಾಯಿಯನ್ನು ಹುಲ್ಲಿನ ಬುಟ್ಟಿಗಳಲ್ಲಿ ಪುಣೆಗೆ ಕಳಿಸುವುದು ಅವರ ಕಸುಬು. ಹಿಂದಿನ ಬೇಸಿಗೆಯಲ್ಲಿ ಅವರು ತಮಗೆ ಬೇಕಾದಷ್ಟನ್ನೇ ಕೇಳಿದ್ದರು. ಅದನ್ನೂ ಎಲ್ಲರದರಂತೆ ಕಡಿಯಲಾಯಿತು. ಉಳಿದ ಬುಟ್ಟಿಗಳು ಧಾರವಾಡದ ಪ್ಲಾಟ್‌ಫಾರ್ಮಿನ ಮೇಲೆಯೇ ಕೊಳೆತು ನೀರಾದವು.

ಅವರ ಮುಖಂಡರು ಅರವತ್ತರ ಆಸುಪಾಸಿನವರು, ತೆಳ್ಳಗಿನ ಆಳು. ಧಾರವಾಡದಲ್ಲಿ ಹಿಂದೂ-ಮುಸಲ್ಮಾನರೆನ್ನದೆ ಎಲ್ಲರೂ ಅವರಿಗೆ ಕಾಕಾ ಎನ್ನುತ್ತಿದ್ದರು. ಮೇ ಮೊದಲ ವಾರದಲ್ಲಿ ಅವರು ನಮ್ಮ ಮಹಡಿ ಹತ್ತಿ ಬಂದು, ಕುರ್ಚಿ ತೋರಿಸಿದರೂ ಕೂಡದೆ ನಿಂತೇ ಮಾತನಾಡಿದರು.

“ಹೋದ ವರ್ಷ ಖರೇ ಹೇಳಿ ದಂಡ ಕೊಟ್ಟೇವ್ರಿ. ಈ ವರ್ಷ ಸುಳ್ಳು ಹ್ಯಾಂಗ ಹೇಳೂದು ಅಂತ ನೀವ ಕಲಸ್ರಿ. ಒಕ್ಕೂಟದಾಗ ಭಾಳ ಓದಿದವರು ಅದಾರಂತ ಕೇಳೇನಿ.”

ಕಾರ್ಯದರ್ಶಿಗಳು ನಕ್ಕರು, ನನಗೆ ನಗು ಬರಲಿಲ್ಲ. ಆ ಮೇಲೆ ಕಾಕಾ ನಿಂತುಕೊಂಡೇ ಸಾವಧಾನವಾಗಿ ತಮ್ಮ ಸ್ಥಿತಿಯನ್ನು ವಿವರಿಸಿದರು. ಈ ಸಲವೂ ಹಣ್ಣು ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಮುಂದಿನ ಹೂವಿಗೆ ತೋಟ ಹಿಡಿಯುವ ಶಕ್ತಿ ಅವರ ಸಂಘದ ಯಾರಿಗೂ ಇರುವುದಿಲ್ಲ. ತೋಟದ ಒಡೆಯರು ಆಗಲೇ ಪುಣೆಯ ಗುತ್ತಿಗೆದಾರರೊಡನೆ ಮಾತು ನಡೆಸಿದ್ದರು. ಅಜ್ಜನ ಕಾಲದಿಂದ ಕಾದ ಗಿಡಗಳ ಕೆಳಗೆ ಮುಂದಿನ ವರ್ಷ ಬೇರೆಯವರ ಗುಡಿಸಲು ಏಳುತ್ತದೆ. ಕಾಯಿ ಬಲಿತಿತ್ತು, ಕೊಯ್ಲು ಮುಂದಿನ ವಾರ ಶುರುವಾಗಬೇಕು. ಕೊಯ್ದ ಕಾಯಿ ಹಣ್ಣಾಗಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಎರಡು ದಿನಗಳ ನಂತರ ಕಾರ್ಯದರ್ಶಿಗಳೂ ನಾನೂ ಸಂಚಾರ ಅಧಿಕಾರಿಗಳನ್ನು ಕಂಡೆವು. ಅವರು ಮದ್ರಾಸಿನ ಕಡೆಯವರು, ಇಂಗ್ಲಿಷಿನಲ್ಲೇ ಮಾತು. ಮೇಲೆ ಹೇಳಿದ ಆಗಸ್ಟಿನ ಪ್ರಸ್ತಾಪ ಬಂದದ್ದು ಇಲ್ಲಿಯೇ. ಅವರು ಹಿಂದಿನ ಬೇಸಿಗೆಯ ಬೇಡಿಕೆಗಳನ್ನು ತರಿಸಿ ಮೇಜಿನ ಮೇಲೆ ಹರಡಿದರು. ನಿಮ್ಮ ಸಂಘಗಳು ಒಂದು ತಿಂಗಳಲ್ಲಿ ಕೇಳಿದಷ್ಟು ವ್ಯಾಗನ್ನುಗಳು ನನ್ನ ಕೈಕೆಳಗಿನ ಅಷ್ಟೂ ಹಳಿಯ ಮೇಲೆ ಎಂದೂ ನಿಂತಿಲ್ಲ ಎಂದರು. ಕೋಪದಿಂದ ಹೇಳಲಿಲ್ಲ, ಬೇಸತ್ತು ಹೇಳಿದರು. ನಂತರ ಒಂದು ಪ್ರಸ್ತಾಪ ಮುಂದಿಟ್ಟರು. ಎಲ್ಲ ಸಂಘಗಳೂ ಕೂಡಿ ಒಂದೇ ಸಂಖ್ಯೆ ಹೇಳಬೇಕು. ಯಾರ ಸರಕು ಮೊದಲು, ಯಾರದು ಆಮೇಲೆ ಎಂಬ ಕ್ರಮವನ್ನೂ ತಾವೇ ನಿಶ್ಚಯಿಸಿ ಎಲ್ಲರೂ ಸಹಿ ಹಾಕಬೇಕು. ಹಾಗೆ ಮಾಡಿದರೆ ರೈಲ್ವೆ ಒಂದನ್ನೂ ಕಡಿಯುವುದಿಲ್ಲ. ಬಂದ ಖಾಲಿ ವ್ಯಾಗನ್ನುಗಳನ್ನು ಆ ಕ್ರಮದಲ್ಲೇ ಕೊಡುತ್ತದೆ. ಮುಂದಿನ ಸೋಮವಾರದೊಳಗೆ ಇದು ಆಗದಿದ್ದರೆ ಹಳೆಯ ಪದ್ಧತಿಯೇ ಮುಂದುವರಿಯುತ್ತದೆ.

ಮೆಟ್ಟಿಲಿಳಿಯುವಾಗ ಕಾರ್ಯದರ್ಶಿಗಳು ಇದು ಸುಲಭದ ಮಾತೆಂದರು. ನನಗೂ ಹಾಗೆಯೇ ಅನಿಸಿತ್ತು. ಖರೆ ಸಂಖ್ಯೆಯನ್ನು ಕೇಳುವುದು, ಕೂಡಿಸುವುದು, ಇಷ್ಟೇ ತಾನೆ?

ಗುರುವಾರದ ಸಭೆ ನಮ್ಮಿಬ್ಬರ ಈ ಭ್ರಮೆಯನ್ನು ಬಿಡಿಸಿತು. ಎಲ್ಲ ಸಂಘಗಳ ಮುಖಂಡರೂ ಬಂದಿದ್ದರು. ಅಧಿಕಾರಿಗಳ ಪ್ರಸ್ತಾಪ ಎಲ್ಲರಿಗೂ ಒಪ್ಪಿಗೆಯಾಯಿತು, ಚಪ್ಪಾಳೆಯೂ ಬಿತ್ತು. ಸರಿ, ನಿಮ್ಮ ನಿಮ್ಮ ಸಂಖ್ಯೆ ಹೇಳಿ ಎಂದು ಕಾರ್ಯದರ್ಶಿಗಳು ಲೇಖನಿ ಎತ್ತಿದಾಗ ಸಭೆ ಮೌನವಾಯಿತು. ಹತ್ತಿ ಸಂಘದ ಅಧ್ಯಕ್ಷರು, ಒಕ್ಕೂಟದಲ್ಲಿ ಎಲ್ಲರಿಗಿಂತ ದೊಡ್ಡ ಸಾಹುಕಾರರು, ಆ ಮೌನದ ಕಾರಣವನ್ನು ಬಿಡಿಸಿ ಹೇಳಿದರು.

“ನನ್ನ ಗೋದಾಮದಾಗ ಎಷ್ಟು ಬೇಲು ಅದಾವ ಅಂತ ಇಲ್ಲೆ ಬಾಯಿಬಿಟ್ಟು ಹೇಳಿದ್ರ, ನಾ ಮನಿ ಮುಟ್ಟೂದ್ರಾಗ ಮುಂಬೈಕ ತಾರ ಹೋಗಿರ್ತೈತಿ. ನಾಳಿ ಮುಂಜಾನಿ ಭಾವ ಬಿದ್ದಿರ್ತೈತಿ. ಆಮ್ಯಾಲ ವ್ಯಾಗನ್ ತಗೊಂಡು ಏನ ಮಾಡ್ಲಿ?”

ಅವರ ಮಾತು ನ್ಯಾಯವಾದದ್ದೇ. ಬೇಕಾದ ವ್ಯಾಗನ್ನುಗಳ ಸಂಖ್ಯೆ ಹೇಳಿದರೆ ದಾಸ್ತಾನು ಹೇಳಿದಂತೆ. ದಾಸ್ತಾನು ಹೇಳಿದರೆ ಬೆಲೆಯನ್ನು ಖರೀದಿದಾರರ ಕೈಗೆ ಒಪ್ಪಿಸಿದಂತೆ. ಮೆಣಸಿನಕಾಯಿಯವರೂ ಶೇಂಗಾದವರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ನಾನು ಒಂದು ಉಪಾಯ ಸೂಚಿಸಿದೆ: ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಲಕೋಟೆ ಮುಚ್ಚಿ ಕೊಡಲಿ, ನಾನೊಬ್ಬನೇ ಒಡೆದು ಕೂಡಿಸುತ್ತೇನೆ. ಬ್ಯಾಡಗಿಯಿಂದ ಬಂದಿದ್ದ ಮೆಣಸಿನಕಾಯಿ ಸಂಘದ ಮುಖಂಡರು ತಲೆ ಅಲ್ಲಾಡಿಸಿ, “ಕಾಗದಕ್ಕ ಕಾಲು ಮೂಡ್ತಾವ್ರಿ, ಮಾಸ್ತರ” ಎಂದರು. ಎಲ್ಲರೂ ನಕ್ಕರು, ಆ ನಗೆಯಲ್ಲಿ ಸಭೆ ಮುಗಿಯಿತು. ಕಾಕಾ ಮಾತ್ರ ನಗಲಿಲ್ಲ. ಅಂದು ಬೆಳಿಗ್ಗೆ ಕೆಲಗೇರಿಯಲ್ಲಿ ಕೊಯ್ಲು ಶುರುವಾಗಿತ್ತು.

ಸಭೆಯಿಂದ ಎದ್ದವರು ವರಾಂಡದಲ್ಲಿ ಎಲೆ-ಅಡಿಕೆಗೆ ನಿಂತರು. ನಾನು ಕಾಗದಗಳನ್ನು ಕಟ್ಟುತ್ತ ಕಿಟಕಿಯಿಂದ ನೋಡುತ್ತಿದ್ದೆ. ಆಗ ಬ್ಯಾಡಗಿಯ ಮುಖಂಡರೂ ಶೇಂಗಾ ಸಂಘದ ಮುಖಂಡರೂ ಗೋಡೆಗೆ ಒರಗಿ, ಹೆಗಲ ಮೇಲಿನ ವಲ್ಲಿಯನ್ನು ಎಳೆದು ಅದರ ಕೆಳಗೆ ಕೈ ಹಿಡಿದುಕೊಂಡರು. ಯಾವುದೋ ಸಣ್ಣ ವ್ಯವಹಾರ. ಹಿಡಿದ ಬೆರಳೆಷ್ಟೋ ಅಷ್ಟು ಸಂಖ್ಯೆ. ಒಂದರ ಲೆಕ್ಕವೋ ಹತ್ತರ ಲೆಕ್ಕವೋ ಎಂಬುದು ಮೊದಲೇ ಮಾತಾಗಿರುತ್ತದೆ. ಒಬ್ಬರು ಹುಬ್ಬೇರಿಸಿದರು, ಇನ್ನೊಬ್ಬರು ತಲೆ ಕೊಡವಿದರು, ಮತ್ತೆ ಹಿಡಿದರು, ಬಿಟ್ಟರು. ವ್ಯಾಪಾರ ಮುಗಿಯಿತು. ಎರಡು ಮಾರು ದೂರದಲ್ಲಿದ್ದ ಹತ್ತಿಯ ಸಾಹುಕಾರರು ಅತ್ತ ನೋಡಲೂ ಇಲ್ಲ. ಸಭೆಯಲ್ಲಿ ಸಂಖ್ಯೆ ಹೇಳಲು ಒಪ್ಪದ ಈ ಇಬ್ಬರೂ ಹತ್ತಾರು ಜನರ ನಡುವೆ ನಿಂತು ಒಬ್ಬರಿಗೊಬ್ಬರು ಸಂಖ್ಯೆ ಹೇಳಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ತಿಂಗಳಲ್ಲೇ ನಾನು ಒಕ್ಕೂಟದ ಪರವಾಗಿ ಸರಕಾರಕ್ಕೊಂದು ಮನವಿಯನ್ನು ಸಿದ್ಧಪಡಿಸಿದ್ದೆ. ಹತ್ತಿ ಪೇಟೆಯ ಈ ವಲ್ಲಿ ವ್ಯಾಪಾರವನ್ನು ನಿಲ್ಲಿಸಿ ಬಹಿರಂಗ ಲಿಲಾವನ್ನು, ಅಂದರೆ ಹರಾಜನ್ನು, ಕಡ್ಡಾಯ ಮಾಡಬೇಕೆಂಬುದು ಅದರ ತಿರುಳು. ದಲಾಲನೂ ಖರೀದಿದಾರನೂ ಅರಿವೆಯ ಕೆಳಗೆ ಕೈ ಹಿಡಿದಾಗ, ಹತ್ತಿ ಬೆಳೆದ ರೈತ ಪಕ್ಕದಲ್ಲಿ ನಿಂತಿದ್ದೂ ತನ್ನ ಮಾಲು ಯಾವ ಬೆಲೆಗೆ ಹೋಯಿತೆಂದು ಅರಿಯುವುದಿಲ್ಲ. ಆ ಅಭಿಪ್ರಾಯ ಅಂದು ಸರಿಯಾಗಿತ್ತು, ಇಂದಿಗೂ ನನಗೆ ಸರಿಯಾಗಿಯೇ ಕಾಣುತ್ತದೆ. ಆದರೆ ನಮ್ಮ ಮುಂದಿದ್ದ ಪ್ರಶ್ನೆಯಲ್ಲಿ ರೈತನಿರಲಿಲ್ಲ, ಬೆಲೆಯೂ ಇರಲಿಲ್ಲ. ಖರೆ ಸಂಖ್ಯೆ ಹೇಳಬೇಕಿದ್ದ, ಆದರೆ ಬಾಯಿಂದ ಹೇಳಲಾಗದ ಕೆಲವು ಜನ ಮಾತ್ರ ಇದ್ದರು.

ನಾನು ಕಾರ್ಯದರ್ಶಿಗಳ ಬಳಿ ಹೋಗಿ ನನ್ನ ಯೋಚನೆಯನ್ನು ಹೇಳಿದೆ. ಎಲ್ಲರೂ ನಂಬುವ ಒಬ್ಬರು ಪ್ರತಿಯೊಬ್ಬ ಮುಖಂಡರ ಕೈಯನ್ನೂ ವಲ್ಲಿಯ ಕೆಳಗೆ ಹಿಡಿಯಲಿ. ಮನಸ್ಸಿನಲ್ಲೇ ಕೂಡಿಸಿ ಒಟ್ಟು ಸಂಖ್ಯೆಯನ್ನಷ್ಟೇ ಹೇಳಲಿ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ವಲ್ಲಿ ವ್ಯಾಪಾರ ನಿಲ್ಲಸ್ರಿ ಅಂತ ನೀವ ಬರದ ಮನವಿ ಇನ್ನೂ ನನ್ನ ಮೇಜಿನ ಮ್ಯಾಲೇ ಅದ. ಅದನ್ನ ಸರಕಾರಕ್ಕ ಕಳಿಸಿ, ಇಲ್ಲೆ ಒಕ್ಕೂಟದ ಸಭಾದಾಗ ನಾವ ವಲ್ಲಿ ಹಾಸೂದೇನ್ರಿ?”

ನಾನು ಮನವಿಯನ್ನು ಕಳಿಸಿರಿ, ಒಂದಕ್ಷರವನ್ನೂ ತಿದ್ದುವುದು ಬೇಡ ಎಂದೆ. ಅದರಲ್ಲಿ ನಾನು ಆಕ್ಷೇಪಿಸಿದ್ದು ಮೂರನೆಯವನಿಗೆ ಆಗುವ ಅನ್ಯಾಯವನ್ನು; ಇಲ್ಲಿ ಅನ್ಯಾಯಕ್ಕೊಳಗಾಗುವ ಮೂರನೆಯವರಿಲ್ಲ. ಅವರು ಬಹಳ ಹೊತ್ತು ಯೋಚಿಸಿದರು. ವಕೀಲರಾದ್ದರಿಂದ ವಾದದ ಸಂದುಗಳನ್ನೆಲ್ಲ ತಟ್ಟಿ ನೋಡಿದರು. ಕೊನೆಗೆ ಒಪ್ಪಿದರು, ನಡಾವಳಿಯಲ್ಲಿ ಒಟ್ಟು ಸಂಖ್ಯೆ ಮತ್ತು ಕ್ರಮ ಮಾತ್ರ ಬರಬೇಕು ಎಂಬ ಷರತ್ತು ಹಾಕಿದರು. ಆ ನಡಾವಳಿಯನ್ನು ನಾನು ನಿವೃತ್ತನಾದ ಮೇಲೆ ಮತ್ತೊಮ್ಮೆ ತೆಗೆಸಿ ಓದಿದ್ದೇನೆ. ಷರತ್ತನ್ನು ಪಾಲಿಸಲಾಗಿದೆ.

ಇನ್ನು ಕೈ ಹಿಡಿಯುವವರು ಯಾರು? ಪೇಟೆಯ ದಲಾಲರು ಬೆರಳಿನ ಲೆಕ್ಕದಲ್ಲಿ ಪಳಗಿದವರೇ, ಆದರೆ ಒಬ್ಬೊಬ್ಬರೂ ಯಾರಾದರೊಬ್ಬ ಸಾಹುಕಾರರ ಕಡೆಯವರು. ಕಾರ್ಯದರ್ಶಿಗಳಿಗೂ ನನಗೂ ಬೆರಳು ಹಿಡಿಯಲು ಬರದು. ಬೆರಳು ಬಲ್ಲ, ಹತ್ತಿ-ಮೆಣಸಿನಕಾಯಿಯ ಭಾವದಿಂದ ಒಂದು ಕಾಸಿನ ಲಾಭವಿಲ್ಲದ ಮನುಷ್ಯ ಒಕ್ಕೂಟದಲ್ಲಿ ಒಬ್ಬರೇ ಇದ್ದರು.

ಮರುದಿನ ನಾನು ಧಾರವಾಡಕ್ಕೆ ಹೋಗಿ, ಅಲ್ಲಿಂದ ಕೆಲಗೇರಿಯ ತೋಟಕ್ಕೆ ನಡೆದೆ. ಕೆರೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಕಾಕಾ ಗಿಡದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಕಾಯಿಗಳನ್ನು ಆರಿಸುತ್ತಿದ್ದರು; ತೊಟ್ಟು ಮುರಿದು ಸೊನೆ ಸುರಿದದ್ದು ಒಂದು ಕಡೆ, ಗಟ್ಟಿಯದು ಬುಟ್ಟಿಗೆ. ನಾನು ಹೇಳಿದ್ದನ್ನು ಕೈ ನಿಲ್ಲಿಸದೆ ಕೇಳಿದರು.

“ನನ್ನ ಕೈಯಾಗ ಬೆರಳು ಕೊಡ್ತಾರೇನ್ರಿ ಅವರು? ನಾ ಮಾವಿನಹಣ್ಣ ಮಾರಾಂವ.”

ಅದಕ್ಕಾಗಿಯೇ ಕೊಡುತ್ತಾರೆ ಎಂದೆ. ಆದರೆ ಒಂದು ತೊಡಕಿತ್ತು. ಉಳಿದವರ ಗುಟ್ಟನ್ನೆಲ್ಲ ಕೈಯಲ್ಲಿ ಹಿಡಿಯುವವರು ತಮ್ಮ ಸಂಖ್ಯೆಯನ್ನು ಮುಚ್ಚಿಟ್ಟರೆ, ಒಟ್ಟಿನೊಳಗೆ ತಮ್ಮದನ್ನು ಹಿಗ್ಗಿಸಿದರೆಂಬ ಸಂಶಯ ಬರದೇ ಇರದು. ಅವರೇ ಅದನ್ನು ಬಿಡಿಸಿದರು. ಸಭೆಯಲ್ಲಿ ಮೊದಲು ತಮ್ಮ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುತ್ತೇನೆ ಎಂದರು. ಹಿಂದಿನ ವರ್ಷ ಹಾಗೆ ಹೇಳಿಯೇ ಅವರು ಸೋತದ್ದು. ಅದನ್ನು ನೆನಪಿಸಬೇಕೋ ಬೇಡವೋ ಎಂದು ನಾನು ತಡವರಿಸಿದೆ.

“ನಮ್ಮದು ಗುಟ್ಟೇನೈತ್ರಿ, ಮಾಸ್ತರ? ಗಿಡದಾಗ ಜೋತಾಡಾಕತ್ತೈತಿ. ಹಾದಿ ಹೋಕರೂ ಎಣಸಬಹುದು.”

ಎರಡನೆಯ ಸಭೆ ಶನಿವಾರ ನಡೆಯಿತು. ನನ್ನ ಟಿಪ್ಪಣಿ ಶನಿವಾರ ಎನ್ನುತ್ತದೆ, ನಡಾವಳಿ ರವಿವಾರ ಎನ್ನುತ್ತದೆ. ನಡಾವಳಿಯನ್ನು ಮರುದಿನ ನಕಲು ಮಾಡುವ ರೂಢಿಯಿದ್ದುದರಿಂದ ನಾನು ಟಿಪ್ಪಣಿಯನ್ನೇ ನಂಬಿದ್ದೇನೆ. ಕಾರ್ಯದರ್ಶಿಗಳು ವಿಷಯವನ್ನು ಮುಂದಿಟ್ಟಾಗ ಮೊದಲು ಗುಜುಗುಜು, ಆಮೇಲೆ ಮೀಸೆಯಡಿಯ ನಗೆ. ಕಾಕಾ ಎದ್ದು ನಿಂತು ತಮ್ಮ ಸಂಘಕ್ಕೆ ಬೇಕಾದ ವ್ಯಾಗನ್ನುಗಳ ಸಂಖ್ಯೆಯನ್ನು ಸ್ಪಷ್ಟವಾಗಿ ಹೇಳಿ ಕೂತರು. ಅದು ಎಷ್ಟು ಸಣ್ಣ ಸಂಖ್ಯೆಯೆಂದರೆ ಕೆಲವರು ಮುಖ ಮುಖ ನೋಡಿಕೊಂಡರು. ಹತ್ತಿಯ ಸಾಹುಕಾರರು ಕೇಳಿದರು:

“ಕಾಕಾ, ಇದನ್ನೂ ಅರ್ಧಾ ಕಡದ್ರ ಏನ ಮಾಡ್ತೀರಿ?”

“ಕಡೀಲಿ ಬಿಡ್ರಿ. ಹೋದ ವರ್ಷ ಕಡದಾವರು ಯಾರಂತ ಗೊತ್ತಾಗಲಿಲ್ಲ. ಈ ವರ್ಷ ಕಡದ್ರ, ಎದುರಿಗೇ ಕೂತೀರಿ.”

ಈಗ ನಗೆಯ ಬಗೆ ಬೇರೆಯಾಗಿತ್ತು. ಕಾರ್ಯದರ್ಶಿಗಳು ಹತ್ತರ ಲೆಕ್ಕ ಯಾವಾಗ, ಒಂದರ ಲೆಕ್ಕ ಯಾವಾಗ ಎಂಬುದನ್ನು ಎಲ್ಲರ ಮುಂದೆ ನಿಶ್ಚಯಿಸಿದರು. ಸಭಾಗೃಹದ ಮೂಲೆಯ ಬಾಕಿನ ಮೇಲೆ ಕಾಕಾ ಕೂತು ತಮ್ಮ ವಲ್ಲಿಯನ್ನು ಮೊಣಕಾಲ ಮೇಲೆ ಹರವಿದರು. ಒಬ್ಬೊಬ್ಬರಾಗಿ ಹೋದರು. ಬ್ಯಾಡಗಿಯವರು ಕೈಯಿಟ್ಟು ಕಣ್ಣು ಮುಚ್ಚಿಕೊಂಡೇ ಹಿಡಿದರು. ಕೊನೆಗೆ ಹತ್ತಿಯ ಸಾಹುಕಾರರು ಎದ್ದು, ತಮ್ಮ ಕೈಯನ್ನು ವಲ್ಲಿಯೊಳಗೆ ಇಟ್ಟರು. ಕಾಕಾ ಕೈ ಬಿಡದೆ ಹೇಳಿದರು:

“ಸಾವಕಾರ್ರ, ಇದು ರೈಲ್ವೆ ಸಾಹೇಬ್ರಿಗೆ ಹೇಳೂ ಸಂಖ್ಯೆ. ನನಗ ಹೇಳೂದು ಹಿಡೀರಿ.”

ಯಾರಾದರೂ ನಕ್ಕಿದ್ದರೆ ಅಂದಿನ ಕೆಲಸ ಅಲ್ಲಿಗೇ ಕೆಡುತ್ತಿತ್ತು. ಯಾರೂ ನಗಲಿಲ್ಲ. ಸಾಹುಕಾರರ ಕಿವಿಗಳು ಕೆಂಪಾದವು. ವಲ್ಲಿ ಮತ್ತೊಮ್ಮೆ ಅಲುಗಿತು. ಕಾಕಾ ತಲೆಯಾಡಿಸಿ ಕೈ ಬಿಟ್ಟರು.

ಒಟ್ಟು ಸಂಖ್ಯೆಯನ್ನು ಕೇಳಿದಾಗ ನಾನು ಬರೆಯುವುದನ್ನು ನಿಲ್ಲಿಸಿ ಇನ್ನೊಮ್ಮೆ ಕೇಳಿದೆ. ಹಿಂದಿನ ಬೇಸಿಗೆಯ ಬೇಡಿಕೆಯ ಅರ್ಧಕ್ಕೂ ಬಹಳ ಕೆಳಗಿತ್ತು. ಆದರೂ ಅದು ಒಂದೇ ವಾರದಲ್ಲಿ ಸಿಗುವಂಥದಾಗಿರಲಿಲ್ಲ. ಹಾಗಾಗಿ ಕ್ರಮದ ಪ್ರಶ್ನೆ ಉಳಿಯಿತು. ಇದರಲ್ಲಿ ಹೆಚ್ಚು ವಾದ ನಡೆಯಲಿಲ್ಲವೆಂಬುದು ನನಗೆ ಈಗಲೂ ಸೋಜಿಗ. ಬೇಗ ಕೆಡುವುದು ಬೇಗ ಹೋಗಲಿ ಎಂದು ಶೇಂಗಾದವರೇ ಸೂಚಿಸಿದರು. ಹಣ್ಣು, ಮೆಣಸಿನಕಾಯಿ, ಶೇಂಗಾ, ಕೊನೆಗೆ ಹತ್ತಿ. ಹತ್ತಿಯ ಸಾಹುಕಾರರು ಒಂದೇ ಮಾತು ಸೇರಿಸಿದರು: ಕೈಯಲ್ಲಿ ಕೊಟ್ಟ ಸಂಖ್ಯೆಯನ್ನು ಯಾರೂ ದಾಟಬಾರದು, ದಾಟಿದವರನ್ನು ಕಾಕಾ ತಡೆಯಬೇಕು, ಸಂಖ್ಯೆ ಎಷ್ಟಿತ್ತೆಂದು ಮಾತ್ರ ಹೇಳಕೂಡದು. ಎಲ್ಲರೂ ಸಹಿ ಹಾಕಿದರು. ಕಾಕಾ ಉರ್ದುವಿನಲ್ಲಿ ಹಾಕಿದರು.

ಸೋಮವಾರ ಅಧಿಕಾರಿಗಳು ಆ ಕಾಗದವನ್ನು ಎರಡು ಸಲ ಓದಿದರು. ಇದು ಇಷ್ಟು ಕಡಿಮೆಯಾದದ್ದು ಹೇಗೆ ಎಂದು ಕೇಳಿದರು. ಮುಖಂಡರೆಲ್ಲ ಪರಸ್ಪರ ವಿಶ್ವಾಸದಿಂದ ಸಹಕರಿಸಿದರೆಂದು ಕಾರ್ಯದರ್ಶಿಗಳು ಇಂಗ್ಲಿಷಿನಲ್ಲಿ ಉತ್ತರಿಸಿದರು. ಅದು ಸುಳ್ಳಾಗಿರಲಿಲ್ಲ. ಅಧಿಕಾರಿಗಳು ಒಂದನ್ನೂ ಕಡಿಯಲಿಲ್ಲ.

ಮೊದಲ ಎರಡು ದಿನ ವ್ಯಾಗನ್ನುಗಳು ಧಾರವಾಡಕ್ಕೆ ಹೋದವು, ಹಣ್ಣು ಪುಣೆಯ ದಾರಿ ಹಿಡಿಯಿತು. ಮೂರನೆಯ ದಿನ ಸೈನ್ಯದ ಸರಕಿಗೆಂದು ಖಾಲಿ ವ್ಯಾಗನ್ನುಗಳನ್ನೆಲ್ಲ ಎಳೆದುಕೊಂಡು ಹೋದರು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಧಿಕಾರಿಗಳು ಪ್ರಾಮಾಣಿಕವಾಗಿಯೇ ಕೈಚೆಲ್ಲಿದರು. ಅದು ಅವರ ಅಧಿಕಾರಕ್ಕೆ ಮೀರಿದ್ದು. ನಾನು ಸಂಜೆಯ ಗಾಡಿಗೆ ಧಾರವಾಡಕ್ಕೆ ಹೋದೆ. ಪ್ಲಾಟ್‌ಫಾರ್ಮಿನ ಮೇಲೆ ಬುಟ್ಟಿಗಳ ಸಾಲು. ದೂರದಿಂದಲೇ ವಾಸನೆ ಬಂತು. ಕಾಕಾ ಒಂದು ಬುಟ್ಟಿಯ ಹುಲ್ಲಿನೊಳಗೆ ಅಂಗೈಯಿಟ್ಟು ಕಾವು ನೋಡುತ್ತಿದ್ದರು. ಇನ್ನೊಂದು ದಿನ ತಡೆದೀತು, ಅದರಾಚೆ ಇಲ್ಲ ಎಂದರು. ನಾನು ಅವರ ಮುಖದಲ್ಲಿ ಹುಡುಕಿದ್ದು ಕೋಪವನ್ನು; ಕಂಡದ್ದು ನಿದ್ದೆಗೆಟ್ಟ ಕಣ್ಣುಗಳನ್ನು.

ರಾತ್ರಿ ನಾನು ಹುಬ್ಬಳ್ಳಿಗೆ ಮರಳಿದೆ. ಮರುದಿನ ಬೆಳಿಗ್ಗೆ ಅಲ್ಲಿಯ ಯಾರ್ಡಿಗೆ ಖಾಲಿ ವ್ಯಾಗನ್ನುಗಳು ಬಂದಿವೆಯೆಂದು ಸುದ್ದಿ ತಿಳಿಯಿತು. ಕಾಕಾ ಮೊದಲ ಗಾಡಿಗೇ ಹುಬ್ಬಳ್ಳಿಗೆ ಬಂದಿದ್ದರು. ನಾವಿಬ್ಬರೂ ಯಾರ್ಡು ತಲುಪಿದಾಗ, ಬಂದಿದ್ದ ಕೆಲವೇ ವ್ಯಾಗನ್ನುಗಳು ಹತ್ತಿ ಸಂಘದ ಸೈಡಿಂಗಿನಲ್ಲಿ, ಸರಕು ಏರಿಸುವ ಪಕ್ಕದ ಹಳಿಯ ಮೇಲೆ, ನಿಂತಿದ್ದವು. ಒಂದರೊಳಗೆ ಬೇಲುಗಳು ಆಗಲೇ ಏರುತ್ತಿದ್ದವು. ಇದರಲ್ಲಿ ಯಾರದೂ ಸಂಚು ಇರಲಿಲ್ಲವೆಂದು ಆ ಮೇಲೆ ವಿಚಾರಿಸಿ ತಿಳಿದೆ. ಯಾರ್ಡಿನವರು ವರ್ಷಾನುಗಟ್ಟಲೆ ಖಾಲಿ ವ್ಯಾಗನ್ನನ್ನು ಮೊದಲು ಹತ್ತಿಯ ಸೈಡಿಂಗಿಗೇ ತಳ್ಳಿ ರೂಢಿಯಾದವರು. ಹತ್ತಿಯ ಮುನೀಮರು, ಸಾಹುಕಾರರ ಲೆಕ್ಕದ ಗುಮಾಸ್ತರು, ವ್ಯಾಗನ್ನು ಕಂಡೊಡನೆ ಹಮಾಲರನ್ನು ಹಚ್ಚಿ ರೂಢಿಯಾದವರು. ಒಪ್ಪಂದದ ಸುದ್ದಿ ಸಭಾಗೃಹದಿಂದ ಹಳಿಯವರೆಗೆ ಇಳಿದಿರಲಿಲ್ಲ.

ನಾನು ಮುನೀಮರೊಡನೆ ವಾದಕ್ಕಿಳಿದೆ. ಅವರು ನಮ್ಮ ಸಾವಕಾರ್ರು ಹೇಳಲಿ, ನಿಲ್ಲಿಸುತ್ತೇನೆ ಎಂದು ಕೆಲಸ ಮುಂದುವರಿಸಿದರು. ಕಾಕಾ ಸೈಡಿಂಗಿನ ಪಕ್ಕದ ದಿಮ್ಮಿಯ ಮೇಲೆ ಕೂತರು. ನಾನು ಆಳು ಕಳಿಸಿದೆ. ಸಾಹುಕಾರರು ಟಾಂಗಾದಲ್ಲಿ ಬಂದಿಳಿದು, ವ್ಯಾಗನ್ನು ನೋಡಿದರು, ಬೇಲು ನೋಡಿದರು, ದಿಮ್ಮಿಯ ಮೇಲಿದ್ದ ಕಾಕಾನನ್ನು ನೋಡಿದರು. ಕಾಕಾ ಎದ್ದು ನಮಸ್ಕಾರ ಮಾಡಿದರೇ ಹೊರತು ಏನನ್ನೂ ಕೇಳಲಿಲ್ಲ.

“ಇಳಸ್ರಿ,” ಎಂದರು ಸಾಹುಕಾರರು.

ಮುನೀಮರಿಗೆ ನಂಬಿಕೆಯಾಗಲಿಲ್ಲ. ಏರಿಸಿದ ಮಾಲು ಇಳಿಸುವುದು ಅಪಶಕುನ, ಮತ್ತೆ ವ್ಯಾಗನ್ನು ಯಾವಾಗ ಬರುತ್ತದೋ, ಮಳೆ ತಲೆಯ ಮೇಲಿದೆ, ಹಮಾಲಿ ಎರಡು ಸಲ ಕೊಡಬೇಕಾಗುತ್ತದೆ ಎಂದು ಒಂದೊಂದೇ ಕಾರಣ ಹೇಳಿದರು. ಎಲ್ಲವೂ ಸರಿಯಾದ ಕಾರಣಗಳೇ. ಸಾಹುಕಾರರು ಕೊನೆಯವರೆಗೂ ಕೇಳಿಸಿಕೊಂಡರು.

“ಮುನೀಮರ, ನಾ ಇವರ ಕೈಯಾಗ ಬೆರಳು ಕೊಟ್ಟೇನಿ. ಬೇಲು ಇಳಸಿದ್ರ ಹಮಾಲಿ ಹೋಗ್ತೈತಿ. ಬೆರಳು ಹಿಂದ ತಗೊಂಡ್ರ, ನಾಳಿ ಪ್ಯಾಟ್ಯಾಗ ನನ್ನ ಕೈ ಯಾರು ಹಿಡೀತಾರ?”

ಹಮಾಲರು ಬೇಲುಗಳನ್ನು ಇಳಿಸಿದರು. ಎಂಜಿನ್ನು ಬಂದು ವ್ಯಾಗನ್ನುಗಳನ್ನು ಎಳೆದುಕೊಂಡು ಹೋಗುವವರೆಗೆ ಸಾಹುಕಾರರು ಬಿಸಿಲಲ್ಲೇ ನಿಂತಿದ್ದರು. ಯಾರ್ಡಿನ ಗುಮಾಸ್ತರನ್ನು ಕರೆದು ಇನ್ನು ಮುಂದೆ ಖಾಲಿ ವ್ಯಾಗನ್ನು ಯಾವ ಕ್ರಮದಲ್ಲಿ ಹೋಗಬೇಕೆಂದು ತಾವೇ ಹೇಳಿದರು. ಆ ಗುಮಾಸ್ತರಿಗೆ ಅಧಿಕಾರಿಗಳ ಆಜ್ಞೆಗಿಂತ ಅದು ಹೆಚ್ಚು ಅರ್ಥವಾದಂತೆ ಕಂಡಿತು. ಅಂದೇ ಮಧ್ಯಾಹ್ನ ಧಾರವಾಡದಲ್ಲಿ ಬುಟ್ಟಿಗಳು ಏರಿದವು. ಕೆಲವನ್ನು ಕಾಕಾ ತಡೆದು ಪಕ್ಕಕ್ಕಿಟ್ಟರು. ಅವು ಪುಣೆಯವರೆಗೆ ಬಾಳುವಂತಿರಲಿಲ್ಲ, ಊರ ಪೇಟೆಯಲ್ಲೇ ಮಾರಬೇಕು. ನಷ್ಟ ಇರಲಿಲ್ಲವೆಂದಲ್ಲ. ತೋಟ ಕಳೆದುಕೊಳ್ಳುವಷ್ಟು ಇರಲಿಲ್ಲ.

ಮುಂದಿನ ದಿನಗಳಲ್ಲಿ ವ್ಯಾಗನ್ನುಗಳು ಕುಂಟುತ್ತಲೇ ಬಂದವು, ಆದರೆ ಗೊತ್ತಾದ ಕ್ರಮದಲ್ಲಿ ಬಂದವು. ಹಣ್ಣು ಮುಗಿಯುತ್ತ ಬಂದಾಗ ಮೆಣಸಿನಕಾಯಿ, ಅದು ಮುಗಿಯುತ್ತ ಬಂದಾಗ ಶೇಂಗಾ. ಬ್ಯಾಡಗಿಯವರು ಒಮ್ಮೆ ಇನ್ನೊಂದು ವ್ಯಾಗನ್ನು ಕೇಳಿದಾಗ ಕಾಕಾ ಮೆಲ್ಲಗೆ “ಆತಲ್ರಿ ನಿಮ್ಮದು” ಎಂದಷ್ಟೇ ಹೇಳಿದರು. ಅವರು ತಲೆ ಕೆರೆದುಕೊಂಡು ಹಿಂದೆ ಸರಿದರು. ಯಾರ ಸಂಖ್ಯೆ ಎಷ್ಟಿತ್ತೆಂದು ನಾನು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಸಂಶೋಧಕನಾಗಿ ನನ್ನ ಬಳಿ ಇರಬೇಕಾಗಿದ್ದ ಒಂದು ಕೋಷ್ಟಕ ಹಾಗೆ ತಪ್ಪಿಹೋಯಿತು. ಅದರ ಬಗ್ಗೆ ನನಗೆ ವಿಷಾದವಿಲ್ಲ.

ತಿಂಗಳ ಕೊನೆಯಲ್ಲಿ ಕಾಕಾ ಮತ್ತೆ ನಮ್ಮ ಮಹಡಿ ಹತ್ತಿದರು. ಈ ಸಲ ಅವರೇ ಕುರ್ಚಿ ಎಳೆದು ಕೂತರು. ಹಣ್ಣು ಮುಗಿಯಿತು, ತೋಟದ ಒಡೆಯರು ಮುಂದಿನ ಹೂವಿಗೂ ತಮಗೇ ಮಾತು ಕೊಟ್ಟಿದ್ದಾರೆ ಎಂದರು. ಊರಲ್ಲೇ ಮಾರಿದ್ದು ಕಳೆದು ತಾವು ಹೇಳಿದ್ದಕ್ಕಿಂತ ಒಂದು ವ್ಯಾಗನ್ನು ಕಡಿಮೆ ಸಾಕಾಯಿತು, ಅದನ್ನು ಹತ್ತಿಯವರ ಲೆಕ್ಕಕ್ಕೆ ಹಾಕಿರಿ ಎಂದರು. ನಾನು ಹತ್ತಿಯ ಸಾಹುಕಾರರಿಗೆ ಇದನ್ನು ತಿಳಿಸಿದೆ.

“ಈ ಪ್ಯಾಟ್ಯಾಗ ಹುಟ್ಟಿ ಬೆಳದೇನಿ,” ಎಂದರು ಅವರು. “ವ್ಯಾಗನ್ ತಿರುಗಿ ಕೊಟ್ಟ ವ್ಯಾಪಾರಿನ್ನ ಇದ ಮೊದಲ ನೋಡಾಕತ್ತೇನಿ.”

ಮಳೆ ಬಂದ ದಿನದ ಬಗ್ಗೆ ನನ್ನ ಟಿಪ್ಪಣಿಗೂ ಅಂದಿನ ಪತ್ರಿಕೆಗೂ ಒಂದು ದಿನದ ವ್ಯತ್ಯಾಸವಿದೆ. ಹುಬ್ಬಳ್ಳಿಯಲ್ಲಿ ಸಂಜೆ ಬಿದ್ದದ್ದನ್ನು ಪತ್ರಿಕೆ ಮರುದಿನ ಬರೆದಿರಬಹುದು. ನಾನು ಕಣ್ಣಾರೆ ಕಂಡದ್ದು ಇಷ್ಟು: ಮೊದಲ ಹನಿಗಳು ಯಾರ್ಡಿನ ಕಲ್ಲಿದ್ದಲ ಪುಡಿಯ ಮೇಲೆ ಬೀಳುವಾಗ, ಹಣ್ಣಿನವರು ಬಿಟ್ಟುಕೊಟ್ಟ ವ್ಯಾಗನ್ನಿನೊಳಗೆ ಆ ಸುಗ್ಗಿಯ ಕೊನೆಯ ಬೇಲುಗಳು ಏರುತ್ತಿದ್ದವು, ಮುನೀಮರು ತಲೆಯ ಮೇಲೆ ಗೋಣಿ ಹೊದ್ದು, ಲಗೂ ಲಗೂ ಎಂದು ಹಮಾಲರನ್ನು ಅವಸರಿಸುತ್ತಿದ್ದರು. ಮಳೆ ಜೋರಾಗುವುದರೊಳಗೆ ಅವರು ಬಾಗಿಲೆಳೆದು ಚಿಲಕ ಹಾಕಿದರು. ಹತ್ತಿ ನೆನೆಯಲಿಲ್ಲ.